ದಾವಣಗೆರೆಯಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಹೇಗೆ: ಪಟ್ಟಿ ಮೊದಲು, ಫಾರ್ಮ್ ಆಮೇಲೆ

ನಮ್ಮ ಬೀದಿಯಲ್ಲಿ ಯಾರದ್ದಾದರೂ ವೋಟರ್ ಐಡಿ ಅರ್ಜಿ ತಿರಸ್ಕಾರವಾದರೆ ಕಾಗದ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಹೆಚ್ಚು ಕಡಿಮೆ ಎಲ್ಲರದ್ದೂ ಒಂದೇ ಕಥೆ. ಮೊದಲು ಪಾಲಿಕೆಗೆ ಹೋಗಿರುತ್ತಾರೆ. ಅಲ್ಲಿಂದ ತಾಲ್ಲೂಕು ಕಚೇರಿಗೆ ಕಳಿಸಿರುತ್ತಾರೆ. ಅಲ್ಲಿನ ಸಾಲು ನೋಡಿ ಬೇಸತ್ತು ಸೈಬರ್ ಸೆಂಟರ್‌ನಲ್ಲಿ ಫಾರ್ಮ್ 6 ತುಂಬಿಸಿರುತ್ತಾರೆ. ಕೆಲವು ವಾರ ಕಳೆದ ಮೇಲೆ ಅರ್ಜಿ ತಿರಸ್ಕಾರ ಅಂತ ಮೆಸೇಜ್ ಬಂದಿರುತ್ತದೆ.

ಇವರಲ್ಲಿ ಅರ್ಹತೆ ಇಲ್ಲದವರು ಯಾರೂ ಇರಲಿಲ್ಲ. ಕೆಲಸದ ಕ್ರಮ ತಪ್ಪಿತ್ತು, ಅಷ್ಟೇ. ಎಲ್ಲರೂ ಫಾರ್ಮ್‌ನಿಂದ ಶುರು ಮಾಡಿದ್ದರು. ಶುರು ಮಾಡಬೇಕಾದ್ದು ಪಟ್ಟಿಯಿಂದ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನೂ ಹಾರಿಸಬೇಡಿ.

## ಮೊದಲು ತಿಳಿಯಬೇಕಾದ್ದು: ಯಾವ ಕಚೇರಿಯಲ್ಲಿ ಏನು ಸಿಗುತ್ತದೆ

ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಇರುವುದು ಮತದಾರರ ನೋಂದಣಿ ಅಧಿಕಾರಿಗೆ. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಬ್ಬರು ಇರುತ್ತಾರೆ. ತಹಶೀಲ್ದಾರರು ಸಾಮಾನ್ಯವಾಗಿ ಸಹಾಯಕ ನೋಂದಣಿ ಅಧಿಕಾರಿ. ಆದ್ದರಿಂದ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯೇ ನಮಗೆ ಹತ್ತಿರದ ಜಾಗ. ಇಡೀ ಜಿಲ್ಲೆಗೆ ಜಿಲ್ಲಾಧಿಕಾರಿಯೇ ಜಿಲ್ಲಾ ಚುನಾವಣಾಧಿಕಾರಿ.

ಮನೆ ಬಾಗಿಲಿಗೆ ಬರುವವರು ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಇವರು ಬಹುಪಾಲು ಸರ್ಕಾರಿ ಶಾಲೆ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಅಥವಾ ಸ್ಥಳೀಯ ಸಂಸ್ಥೆಗಳ ನೌಕರರು. ನಿಮ್ಮ ಅರ್ಜಿ ಉಳಿಯುವುದು, ಬೀಳುವುದು ಹೆಚ್ಚಾಗಿ ಇವರು ಕೊಡುವ ವರದಿಯ ಮೇಲೆ.

ಹಾಗಾದರೆ ಪಂಚಾಯಿತಿ, ಪಾಲಿಕೆ ಯಾಕೆ ಬೇಕು? ದಾಖಲೆ ಸರಿಯಾಗುವುದು ಅಲ್ಲೇ. ಜನನ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಮನೆಯ ಆಸ್ತಿ ನಂಬರ್ ಎಲ್ಲಕ್ಕೂ ಸ್ಥಳೀಯ ಕಚೇರಿಗೇ ಹೋಗಬೇಕು. ಹಳ್ಳಿಯಲ್ಲಾದರೆ ನಿಮ್ಮ ಬೀದಿಯ ಬಿಎಲ್‌ಒ ಯಾರು ಅಂತ ಪಂಚಾಯಿತಿ ಸಿಬ್ಬಂದಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ಅದರ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭಾ ಪಟ್ಟಿಯಿಂದಲೇ. ಇಲ್ಲಿ ಹೆಸರು ತಪ್ಪಿದರೆ ಅಲ್ಲೂ ತಪ್ಪುತ್ತದೆ.

## ಹಂತ 1: ಪಟ್ಟಿಯಲ್ಲಿ ಹುಡುಕಿ

ಬೇಕಾದ್ದು: ಒಂದು ಮೊಬೈಲ್, ಇದ್ದರೆ ಹಳೆ ವೋಟರ್ ಕಾರ್ಡ್, ಒಂದು ನೋಟ್‌ಬುಕ್.

ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಹೆಸರು ಹುಡುಕಬಹುದು. ವಿಳಾಸ: ವೋಟರ್ಸ್ ಡಾಟ್ ಇಸಿಐ ಡಾಟ್ ಗವ್ ಡಾಟ್ ಇನ್. ಮೊಬೈಲ್ ಬಳಸಲು ಬಾರದಿದ್ದರೆ 1950 ಸಹಾಯವಾಣಿಗೆ ಕರೆ ಮಾಡಿ. ಅಥವಾ ನಿಮ್ಮ ಮತಗಟ್ಟೆ ಇರುವ ಶಾಲೆಗೆ ಹೋಗಿ ಬಿಎಲ್‌ಒ ಹತ್ತಿರ ಇರುವ ಪಟ್ಟಿಯನ್ನೇ ನೋಡಿ.

ಎಪಿಕ್ ಸಂಖ್ಯೆ ಅಂದರೆ ಕಾರ್ಡಿನ ಮೇಲಿರುವ ಮೂರು ಅಕ್ಷರ, ಏಳು ಅಂಕಿ. ಅದನ್ನು ಹಾಕಿದರೆ ಹುಡುಕಾಟ ಬೇಗ ಮುಗಿಯುತ್ತದೆ. ಗೀಟುಗಳಿರುವ ಉದ್ದದ ಹಳೆ ನಂಬರ್ ಆಗಿದ್ದರೆ ಅದು ಬದಲಾಗಿರಬಹುದು. ಆಗ ಹೆಸರಿನಿಂದ ಹುಡುಕಿ.

ಹೆಸರಿನ ಹುಡುಕಾಟದಲ್ಲಿ ಜನ ಬೇಗ ಸೋಲುತ್ತಾರೆ. "ಮಂಜುನಾಥ" ಅಂತ ಹುಡುಕಿದರೆ ಸಿಗದೆ ಇದ್ದದ್ದು "ಮಂಜಪ್ಪ" ಅಂತ ಇರುತ್ತದೆ. ಇನಿಷಿಯಲ್ ಮುಂದೆ ಇರಬೇಕಾದ್ದು ಹಿಂದೆ ಇರುತ್ತದೆ. "ಹೆಚ್" ಒಂದು ಕಡೆ, "ಎಚ್" ಇನ್ನೊಂದು ಕಡೆ. ಮದುವೆಯಾದ ಹೆಣ್ಣುಮಕ್ಕಳ ಹೆಸರು ತಂದೆ ಹೆಸರಿನ ಜೊತೆ ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಕನಿಷ್ಠ ನಾಲ್ಕು ರೀತಿ ಹುಡುಕಿ. ಹಿಂದೆ ಇದ್ದ ಊರಿನ ಕ್ಷೇತ್ರದಲ್ಲೂ ಹುಡುಕಿ. ದಾವಣಗೆರೆ ಜಿಲ್ಲೆಯಲ್ಲೇ ಜಗಳೂರು, ಹರಿಹರ, ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ ಅಂತ ಏಳು ಕ್ಷೇತ್ರಗಳಿವೆ. ನ್ಯಾಮತಿಯವರು ಹೊನ್ನಾಳಿ ಕ್ಷೇತ್ರದಲ್ಲಿ ನೋಡಬೇಕು.

ಹೆಸರು ಸಿಕ್ಕರೆ ಕ್ಷೇತ್ರ, ಭಾಗ ಸಂಖ್ಯೆ (ಅಂದರೆ ನಿಮ್ಮ ಮತಗಟ್ಟೆಯ ಪಟ್ಟಿಯ ನಂಬರ್), ಕ್ರಮ ಸಂಖ್ಯೆ ಮೂರನ್ನೂ ಬರೆದುಕೊಳ್ಳಿ. ಸಿಗದಿದ್ದರೆ ಅದೇ ಮನೆಯ ಬೇರೆಯವರ ಭಾಗ ಸಂಖ್ಯೆ, ಎಪಿಕ್ ಸಂಖ್ಯೆ ಬರೆದುಕೊಳ್ಳಿ.

ಎಚ್ಚರಿಕೆ: ಪಾಲಿಕೆಯ ವಾರ್ಡ್ ನಂಬರ್ ಬೇರೆ, ಮತದಾರರ ಪಟ್ಟಿಯ ಭಾಗ ಸಂಖ್ಯೆ ಬೇರೆ. ಒಂದೇ ವಾರ್ಡ್‌ನಲ್ಲಿ ಹಲವು ಭಾಗಗಳಿರುತ್ತವೆ. ವಾರ್ಡ್ ನಂಬರ್ ಹೇಳಿ ಬಿಎಲ್‌ಒ ಹುಡುಕಿದರೆ ಬೇರೆ ಬೀದಿಯವರು ಸಿಗುತ್ತಾರೆ.

## ಹಂತ 2: ಸರಿಯಾದ ಫಾರ್ಮ್ ಆರಿಸಿ

ನಾನು ನೋಡಿದ ತಿರಸ್ಕೃತ ಅರ್ಜಿಗಳಲ್ಲಿ ಜಾಸ್ತಿ ಎಡವಿದ್ದು ಇಲ್ಲೇ. 2022ರ ಆಗಸ್ಟ್ 1ರಿಂದ ಫಾರ್ಮ್‌ಗಳು ಬದಲಾಗಿವೆ. ಆದರೂ ಹಳೆ ಪದ್ಧತಿಯಂತೆ ಎಲ್ಲಕ್ಕೂ ಫಾರ್ಮ್ 6 ತುಂಬುವವರು ಇನ್ನೂ ಇದ್ದಾರೆ.

ಫಾರ್ಮ್ 6 ಮೊದಲ ಬಾರಿಗೆ ಹೆಸರು ಸೇರಿಸುವವರಿಗೆ ಮಾತ್ರ. ಎಲ್ಲಿಯೂ, ಯಾವತ್ತೂ ಹೆಸರು ಇರದವರಿಗೆ.

ಫಾರ್ಮ್ 8 ಈಗಾಗಲೇ ಹೆಸರು ಇರುವವರಿಗೆ. ಮನೆ ಬದಲಾವಣೆ, ಹೆಸರು, ವಯಸ್ಸು ಅಥವಾ ಫೋಟೋ ತಿದ್ದುಪಡಿ, ಕಳೆದುಹೋದ ಕಾರ್ಡಿಗೆ ಬದಲಿ, ಅಂಗವಿಕಲರು ಅಂತ ಗುರುತು ಹಾಕಿಸುವುದು, ನಾಲ್ಕಕ್ಕೂ ಇದೊಂದೇ ಫಾರ್ಮ್. ಹರಿಹರದಿಂದ ದಾವಣಗೆರೆಗೆ ಬಂದರೂ ಫಾರ್ಮ್ 8, ಒಂದು ಬಡಾವಣೆಯಿಂದ ಪಕ್ಕದ ಬಡಾವಣೆಗೆ ಹೋದರೂ ಫಾರ್ಮ್ 8.

ಫಾರ್ಮ್ 7 ಹೆಸರು ತೆಗೆಸಲು ಅಥವಾ ಆಕ್ಷೇಪಣೆ ಸಲ್ಲಿಸಲು. ಮನೆಯಲ್ಲಿ ತೀರಿಕೊಂಡವರ ಹೆಸರು ತೆಗೆಸಲು ಮರಣ ಪ್ರಮಾಣಪತ್ರದ ಪ್ರತಿ ಜೊತೆಗಿಟ್ಟು ಇದನ್ನು ಕೊಡಿ.

ಈ ತಪ್ಪು ನಮ್ಮ ಮನೆಯಲ್ಲೂ ಆಗಿದೆ. ಮದುವೆಯಾದ ಮೇಲೆ ನನ್ನ ಹೆಂಡತಿಯ ಹೆಸರನ್ನು ತವರಿನಿಂದ ಇಲ್ಲಿಗೆ ತರಬೇಕಿತ್ತು. ಅರ್ಜಿ ತುಂಬಿಕೊಟ್ಟ ಅಂಗಡಿಯವರು ಫಾರ್ಮ್ 6 ಹಾಕಿದರು. ನಾನೂ ನೋಡಲಿಲ್ಲ. ಹೆಸರು ಎರಡು ಕಡೆ ಬಂತು. ಒಬ್ಬರ ಹೆಸರು ಎರಡು ಕಡೆ ಇರುವುದನ್ನು 1950ರ ಪ್ರಜಾಪ್ರತಿನಿಧಿ ಕಾಯ್ದೆ ಒಪ್ಪುವುದಿಲ್ಲ. "ಬೇರೆ ಕಡೆ ನನ್ನ ಹೆಸರಿಲ್ಲ" ಅಂತ ಗೊತ್ತಿದ್ದೂ ಸುಳ್ಳು ಸಹಿ ಹಾಕಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ನಾವು ತವರಿನ ಊರಿಗೆ ಹೋಗಿ ಫಾರ್ಮ್ 7 ಕೊಟ್ಟು ಹಳೆಯದನ್ನು ತೆಗೆಸಿದೆವು. ಎರಡು ಓಡಾಟ ಹೆಚ್ಚಾಯಿತು. ಫಾರ್ಮ್ 8 ಹಾಕಿದ್ದರೆ ಹೊಸ ಕಡೆ ಸೇರಿಸಿ ಹಳೆ ಕಡೆ ತೆಗೆಯುವ ಕೆಲಸ ಒಂದೇ ಅರ್ಜಿಯಲ್ಲಿ ಆಗುತ್ತಿತ್ತು.

ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರದ ಪಟ್ಟಿ ಬೇರೆಯೇ. ಪದವೀಧರರಿಗೆ ಫಾರ್ಮ್ 18, ಶಿಕ್ಷಕರಿಗೆ ಫಾರ್ಮ್ 19. ವಿಧಾನಸಭಾ ಪಟ್ಟಿಯಲ್ಲಿ ಹೆಸರಿದೆ ಅಂತ ಅಲ್ಲಿ ತಾನಾಗಿ ಬರುವುದಿಲ್ಲ.

## ಹಂತ 3: ನಿಮ್ಮ ಊರು ಯಾವುದು, ವಯಸ್ಸು ಯಾವ ದಿನಕ್ಕೆ, ತೀರ್ಮಾನಿಸಿ

ವಯಸ್ಸು ಲೆಕ್ಕ ಹಾಕಲು ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 2008ರ ಆಗಸ್ಟ್ 15ರಂದು ಹುಟ್ಟಿದ ಮಗಳಿಗೆ 2026ರ ಆಗಸ್ಟ್‌ನಲ್ಲಿ 18 ತುಂಬುತ್ತದೆ. ಅವಳ ಅರ್ಹತಾ ದಿನಾಂಕ 2026ರ ಅಕ್ಟೋಬರ್ 1. ಆದರೆ ಅಲ್ಲಿವರೆಗೆ ಕಾಯಬೇಕಿಲ್ಲ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಟ್ಟಿಡಬಹುದು.

ಊರಿನ ವಿಷಯದಲ್ಲಿ ಕಾನೂನು ಕೇಳುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೀರಿ ಅನ್ನುವುದನ್ನು. ಹಳ್ಳಿಯಲ್ಲಿ ಮನೆ ಇದೆ, ಪಹಣಿ ನಿಮ್ಮ ಹೆಸರಲ್ಲಿದೆ, ಆದರೆ ಹತ್ತು ವರ್ಷದಿಂದ ಸಂಸಾರ ಸಮೇತ ದಾವಣಗೆರೆಯಲ್ಲಿದ್ದೀರಿ. ಆಗ ಆಸ್ತಿ ಇರುವ ಒಂದೇ ಕಾರಣಕ್ಕೆ ಹಳ್ಳಿಯ ವಾಸಿ ಆಗುವುದಿಲ್ಲ. ಇದಕ್ಕೆ ಉಲ್ಟಾ, ಜಗಳೂರು ಕಡೆಯಿಂದ ಕೆಲವು ತಿಂಗಳು ಮಲೆನಾಡಿನ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗಿ ವಾಪಸ್ ಬರುವವರು ತಮ್ಮ ಊರಿನ ವಾಸಿಗಳೇ. ತಾತ್ಕಾಲಿಕವಾಗಿ ಊರು ಬಿಟ್ಟರೆ ಮತದ ಹಕ್ಕು ಹೋಗುವುದಿಲ್ಲ. ಈ ಮಾತನ್ನು ದುಡಿಯಲು ಹೋಗುವ ಕುಟುಂಬಗಳಿಗೆ ದಯವಿಟ್ಟು ತಿಳಿಸಿ. ಅವರ ಮನೆಗೆ ಬೀಗ ಇದ್ದಾಗಲೇ ಪರಿಶೀಲನೆ ನಡೆದು ಹೆಸರು ಹೋಗುವ ಸಾಧ್ಯತೆ ಜಾಸ್ತಿ. ಹೊರಡುವ ಮೊದಲು ಬಿಎಲ್‌ಒಗೆ ಒಂದು ಮಾತು ಹೇಳಿ, ಫೋನ್ ನಂಬರ್ ಕೊಟ್ಟು ಹೋಗಲಿ.

ಹಾಸ್ಟೆಲ್ ಮಕ್ಕಳು ತಂದೆ ತಾಯಿ ಇರುವ ಮನೆಯ ವಿಳಾಸದಲ್ಲಾದರೂ ಸೇರಿಸಬಹುದು, ಹಾಸ್ಟೆಲ್ ವಿಳಾಸದಲ್ಲಾದರೂ ಸೇರಿಸಬಹುದು. ಹಾಸ್ಟೆಲ್ ವಿಳಾಸವಾದರೆ ಕಾಲೇಜಿನ ಮುಖ್ಯಸ್ಥರ ಸಹಿ ಇರುವ ಪತ್ರ ಬೇಕು. ಎರಡರಲ್ಲಿ ಒಂದೇ, ಎರಡೂ ಅಲ್ಲ.

## ಹಂತ 4: ದಾಖಲೆ ಜೋಡಿಸಿ

ಫಾರ್ಮ್ 6ಕ್ಕೆ ಮೂರು ಬೇಕು: ಇತ್ತೀಚಿನ ಬಣ್ಣದ ಫೋಟೋ, ಹುಟ್ಟಿದ ದಿನಾಂಕದ ದಾಖಲೆ, ವಿಳಾಸದ ದಾಖಲೆ.

ಫೋಟೋ 4.5 ಸೆಂ.ಮೀ. ಎತ್ತರ, 3.5 ಸೆಂ.ಮೀ. ಅಗಲ ಇರಲಿ, ಹಿನ್ನೆಲೆ ಬಿಳಿ ಇರಲಿ. ಮದುವೆ ಆಲ್ಬಂನಿಂದ ಕತ್ತರಿಸಿದ ಫೋಟೋ ಅಂಟಿಸಬೇಡಿ.

ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್‌ಗಳಲ್ಲಿ ಒಂದು ಸಾಕು. ಎರಡು ದಾಖಲೆಯಲ್ಲಿ ಎರಡು ದಿನಾಂಕ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಅಂಕಪಟ್ಟಿಯಲ್ಲಿ ಜೂನ್ 1, ಆಧಾರ್‌ನಲ್ಲಿ ಜನವರಿ 1 ಅಂತ ಇರುವುದು ನಮ್ಮ ಕಡೆ ತೀರಾ ಸಾಮಾನ್ಯ, ಅಲ್ವಾ?

ವಿಳಾಸಕ್ಕೆ ನೀರು, ಕರೆಂಟ್ ಅಥವಾ ಗ್ಯಾಸ್ ಬಿಲ್, ಆಧಾರ್, ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಪಾಸ್‌ಬುಕ್, ಪಾಸ್‌ಪೋರ್ಟ್, ಕಂದಾಯ ಇಲಾಖೆಯ ಜಮೀನು ದಾಖಲೆ, ನೋಂದಣಿಯಾದ ಬಾಡಿಗೆ ಕರಾರು, ನೋಂದಣಿಯಾದ ಕ್ರಯಪತ್ರ ನಡೆಯುತ್ತವೆ. ಬಿಲ್ ಕೊಡುವುದಾದರೆ ಆ ವಿಳಾಸದಲ್ಲಿ ಕನಿಷ್ಠ ಒಂದು ವರ್ಷದ್ದಿರಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ದಾಖಲೆ ನಿಮ್ಮ ಹೆಸರಲ್ಲೇ ಇರಬೇಕು ಅಂತೇನಿಲ್ಲ. ಅದೇ ವಿಳಾಸದಲ್ಲಿ ಈಗಾಗಲೇ ಮತದಾರರಾಗಿರುವ ತಂದೆ, ತಾಯಿ, ಗಂಡ, ಹೆಂಡತಿ ಅಥವಾ ವಯಸ್ಕ ಮಕ್ಕಳ ಹೆಸರಲ್ಲಿದ್ದರೂ ಆಗುತ್ತದೆ. ಆದರೆ ಮಾವನ ಹೆಸರಿನ ಬೆಸ್ಕಾಂ ಬಿಲ್ ಸೊಸೆಗೆ ಆಗುವುದಿಲ್ಲ, ಗಂಡನ ಹೆಸರಿನ ದಾಖಲೆ ಬೇಕು. ಮನೆ ಮಾಲೀಕರ ಬಿಲ್ ಬಾಡಿಗೆಯವರಿಗೆ ಆಗುವುದಿಲ್ಲ. ಛಾಪಾ ಕಾಗದದ ಮೇಲೆ ಬರೆದು ನೋಂದಣಿ ಮಾಡಿಸದ ಕರಾರು ನೋಂದಣಿಯಾದ ಕರಾರಿಗೆ ಸಮ ಅಲ್ಲ. ಬಾಡಿಗೆ ಮನೆಯವರಿಗೆ ನಾನು ಹೇಳುವ ಸುಲಭದ ದಾರಿ ಒಂದೇ: ಮೊದಲು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ವಿಳಾಸ ಬದಲಾಯಿಸಿ, ಹೊಸ ಪುಟ ಮುದ್ರಿಸಿಕೊಂಡು ಬನ್ನಿ.

ಆಧಾರ್ ಕೊಡುವುದು ಕಡ್ಡಾಯ ಅಲ್ಲ. ಆಧಾರ್ ಇಲ್ಲ ಅನ್ನುವ ಕಾರಣಕ್ಕೆ ಯಾರಾದರೂ ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ 1950ಕ್ಕೆ ಹೇಳಿ.

ಯಾವ ವಿಳಾಸದ ದಾಖಲೆಯೂ ಇಲ್ಲದವರು ಹಿಂದೆ ಸರಿಯಬೇಡಿ. ಅವರ ವಾಸವನ್ನು ಬಿಎಲ್‌ಒ ಸ್ಥಳಕ್ಕೆ ಬಂದು ನೋಡಬೇಕು. ಸೂರಿಲ್ಲದವರ ವಿಷಯದಲ್ಲಿ, ಅವರು ಮಲಗುವ ಜಾಗಕ್ಕೆ ರಾತ್ರಿ ಹೋಗಿ, ಒಂದಕ್ಕಿಂತ ಹೆಚ್ಚು ಸಲ ನೋಡಿ ವರದಿ ಕೊಡಬೇಕು ಅಂತ ಆಯೋಗದ ಸೂಚನೆಯೇ ಇದೆ.

## ಹಂತ 5: ಫಾರ್ಮ್ ತುಂಬಿ

ಫಾರ್ಮ್ ಉಚಿತ. ಸಲ್ಲಿಸಲು ಶುಲ್ಕವೂ ಇಲ್ಲ. ಖಾಸಗಿ ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಕೊಡುವ ದುಡ್ಡು ಅವರ ಕೂಲಿ, ಚುನಾವಣಾ ಕಚೇರಿಯದ್ದಲ್ಲ.

ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆಯಬೇಕು. ಆನ್‌ಲೈನ್‌ನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಕನ್ನಡ ತಾನಾಗಿ ಮೂಡುತ್ತದೆ. ಅದನ್ನು ನಂಬಬೇಡಿ. "ಹಾಲಪ್ಪ" ಹೋಗಿ "ಹಲಪ್ಪ" ಆಗುತ್ತದೆ, "ತಿಪ್ಪಣ್ಣ" ಹೋಗಿ "ಟಿಪ್ಪನ್ನ" ಆಗುತ್ತದೆ. ಕನ್ನಡದ ಸಾಲನ್ನು ಅಕ್ಷರ ಅಕ್ಷರ ಓದಿ, ತಿದ್ದಿ, ಆಮೇಲೆ ಮುಂದೆ ಹೋಗಿ.

ಮನೆಯವರ ಎಪಿಕ್ ಸಂಖ್ಯೆ ಕೇಳುವ ಜಾಗವನ್ನು ಖಾಲಿ ಬಿಡಬೇಡಿ. ಹಂತ 1ರಲ್ಲಿ ಬರೆದುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದನ್ನು ತುಂಬಿದರೆ ನಿಮ್ಮ ಹೆಸರು ಅದೇ ಭಾಗಕ್ಕೆ ಸೇರುವುದು ಸುಲಭ. ಇಲ್ಲದಿದ್ದರೆ ಗಂಡ ಒಂದು ಶಾಲೆಯಲ್ಲಿ, ಹೆಂಡತಿ ಇನ್ನೊಂದು ಶಾಲೆಯಲ್ಲಿ ಓಟು ಹಾಕಬೇಕಾಗುತ್ತದೆ.

ವಿಳಾಸವನ್ನು ಮನೆ ಹುಡುಕುವವರ ಕಣ್ಣಿಂದ ಬರೆಯಿರಿ. "ನಿಟುವಳ್ಳಿ, ದಾವಣಗೆರೆ" ಅಂತ ಬರೆದರೆ ಯಾರಿಗೂ ಮನೆ ಸಿಗುವುದಿಲ್ಲ. ಮನೆ ನಂಬರ್, ಮೇನ್, ಕ್ರಾಸ್, ಹತ್ತಿರದ ಗುರುತು, ಪಿನ್ ಕೋಡ್ ಎಲ್ಲವೂ ಇರಲಿ. ತಾಂಡಾ, ಹಟ್ಟಿಗಳಲ್ಲಿ ಮನೆ ನಂಬರೇ ಇರುವುದಿಲ್ಲ. ಅಲ್ಲಿ ಪಂಚಾಯಿತಿಗೆ ಹೋಗಿ ಮನೆ ಕಂದಾಯ ರಸೀದಿಯಲ್ಲಿರುವ ಆಸ್ತಿ ನಂಬರ್ ಕೇಳಿ ಅದನ್ನು ಬರೆಯಿರಿ. ಅದೂ ಇಲ್ಲದಿದ್ದರೆ "ಸೇವಾಲಾಲ್ ಗುಡಿ ಎದುರು, ಎರಡನೇ ಮನೆ" ಅಂತ ಬರೆದರೂ ಬಿಎಲ್‌ಒಗೆ ದಾರಿ ಸಿಗುತ್ತದೆ.

ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಅಂಗಡಿಯವರ ನಂಬರ್ ಹಾಕಿಸಿದರೆ ಎಲ್ಲ ಮೆಸೇಜ್ ಅವರಿಗೆ ಹೋಗುತ್ತದೆ. ಆಮೇಲೆ ಇ-ಎಪಿಕ್, ಅಂದರೆ ಮೊಬೈಲ್‌ನಲ್ಲಿ ಸಿಗುವ ಡಿಜಿಟಲ್ ವೋಟರ್ ಕಾರ್ಡ್, ಇಳಿಸಿಕೊಳ್ಳಲೂ ನೋಂದಣಿಯಾದ ಅದೇ ನಂಬರ್ ಬೇಕು. ಆನ್‌ಲೈನ್ ಅರ್ಜಿಯಲ್ಲಿ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಓಟಿಪಿ ಮೂಲಕ ಇ-ಸೈನ್ (ಆನ್‌ಲೈನ್ ಸಹಿ) ಕೇಳಬಹುದು. ಆ ನಂಬರ್ ಚಾಲ್ತಿಯಲ್ಲಿ ಇಲ್ಲದವರು ಕಾಗದದ ಫಾರ್ಮನ್ನೇ ಬಳಸಿ.

## ಹಂತ 6: ಸಲ್ಲಿಸಿ, ರಸೀದಿ ಪಡೆಯಿರಿ

ಬಿಎಲ್‌ಒ ಕೈಗೆ ಅಥವಾ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಕೊಡಬಹುದು. ಪರಿಷ್ಕರಣೆ ಸಮಯದಲ್ಲಿ ವಿಶೇಷ ಅಭಿಯಾನದ ದಿನಗಳನ್ನು ಗೊತ್ತು ಮಾಡುತ್ತಾರೆ. ಆ ದಿನ ಬಿಎಲ್‌ಒ ಮತಗಟ್ಟೆಯಲ್ಲೇ ಕೂತಿರುತ್ತಾರೆ. ಅದು ಸಾಮಾನ್ಯವಾಗಿ ಶನಿವಾರ, ಭಾನುವಾರ. ಕೂಲಿ ಬಿಟ್ಟು ಬರಲಾಗದವರಿಗೆ ಇದೇ ಒಳ್ಳೆಯ ದಿನ.

ಫಾರ್ಮಿನ ಕೆಳಗೆ ಹರಿದುಕೊಡುವ ರಸೀದಿ ಇದೆ. ಸಹಿ, ದಿನಾಂಕ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. "ಸುಮ್ನೆ ಕೊಟ್ಟು ಹೋಗಿ, ನಾವು ಮಾಡ್ತೀವಿ" ಅಂದರೂ ವಿನಯದಿಂದ ಕೇಳಿ ಪಡೆಯಿರಿ. ಆನ್‌ಲೈನ್ ಆದರೆ ರೆಫರೆನ್ಸ್ ನಂಬರಿನ ಫೋಟೋ ತೆಗೆದಿಡಿ. ಈ ನಂಬರ್ ಇಲ್ಲದೆ ಅರ್ಜಿ ಎಲ್ಲಿದೆ ಅಂತ ಹುಡುಕುವುದು ಬಹಳ ಕಷ್ಟ.

### ಪಂಚಾಯಿತಿ ಕಟ್ಟಡದಲ್ಲಿ ಒಂದು ದಿನ ಕೂತು ಮಾಡುವುದಾದರೆ

ಹಳ್ಳಿಗಳಲ್ಲಿ ಇದು ಒಬ್ಬೊಬ್ಬರೇ ಓಡಾಡುವುದಕ್ಕಿಂತ ಎಷ್ಟೋ ಮೇಲು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮಾತಾಡಿ ಒಂದು ಭಾನುವಾರ ಗೊತ್ತು ಮಾಡಿ. ಪಂಚಾಯಿತಿ ವ್ಯಾಪ್ತಿಯ ಎಲ್ಲ ಬಿಎಲ್‌ಒಗಳೂ ಬರುವಂತೆ ತಹಶೀಲ್ದಾರರಿಗೆ ಮುಂಚೆಯೇ ಪತ್ರ ಕೊಡಿ. ಜಾಗ ಹೀಗೆ ಜೋಡಿಸಿ: ಬಾಗಿಲ ಹತ್ತಿರ ಪಟ್ಟಿಯ ಮುದ್ರಿತ ಪ್ರತಿ, ಅದರ ಪಕ್ಕ ಯಾವ ಫಾರ್ಮ್ ಬೇಕು ಅಂತ ಹೇಳುವವರು, ಆಮೇಲೆ ಫಾರ್ಮ್ ತುಂಬುವ ಮೇಜು, ಕೊನೆಗೆ ಬಿಎಲ್‌ಒ. ಮೊದಲ ಮೇಜು ದಾಟದೆ ಯಾರ ಕೈಗೂ ಫಾರ್ಮ್ ಕೊಡಬೇಡಿ. ಜೆರಾಕ್ಸ್ ವ್ಯವಸ್ಥೆ ಇರಲಿ, ಇಂಕ್ ಪ್ಯಾಡ್ ಇರಲಿ. ಜನನ, ಮರಣ ಪ್ರಮಾಣಪತ್ರದ ಕೆಲಸ ಬಲ್ಲವರು ಅಂದು ಕಚೇರಿಯಲ್ಲಿದ್ದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಒಂದು ಮಿತಿ ನೆನಪಿರಲಿ. ಒಬ್ಬರೇ ಊರವರ ಅರ್ಜಿಗಳನ್ನೆಲ್ಲ ಗಂಟು ಕಟ್ಟಿ ತಂದು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಒಂದೇ ಮನೆಯವರದ್ದನ್ನು ಒಬ್ಬರು ತರಬಹುದು. ಜನರೇ ಬರಲಿ, ತಮ್ಮ ಸಹಿ ತಾವೇ ಹಾಕಲಿ.

## ಹಂತ 7: ಪರಿಶೀಲನೆ ಮುಗಿಯುವವರೆಗೆ ಬೆನ್ನು ಹತ್ತಿ

ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ 7 ದಿನ ಬಿಡುತ್ತಾರೆ. ಅದಕ್ಕೂ ಮೊದಲು ಹೆಸರು ಸೇರಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ಈ ನಡುವೆ ಬಿಎಲ್‌ಒ ಮನೆಗೆ ಬರುತ್ತಾರೆ. ಹಗಲು ಮನೆಯಲ್ಲಿ ಯಾರೂ ಇರದಿದ್ದರೆ ಅಕ್ಕಪಕ್ಕದವರಿಗೆ ಹೇಳಿಡಿ. "ಆ ಹೆಸರಿನವರು ಇಲ್ಲಿಲ್ಲ" ಅಂತ ಎದುರು ಮನೆಯವರು ಹೇಳಿದ ಒಂದು ಮಾತಿಗೆ ಅರ್ಜಿ ಬಿದ್ದದ್ದನ್ನು ನೋಡಿದ್ದೇನೆ. ಅವರಿಗೆ ಹುಡುಗಿಯ ಮನೆ ಹೆಸರು ಮಾತ್ರ ಗೊತ್ತಿತ್ತು, ದಾಖಲೆಯ ಹೆಸರು ಗೊತ್ತಿರಲಿಲ್ಲ.

ವಾರಕ್ಕೊಮ್ಮೆ ಸ್ಥಿತಿ ನೋಡಿ. ಎರಡು ವಾರ ಕಳೆದರೂ "ಬಿಎಲ್‌ಒ ನೇಮಕ" ಅನ್ನುವಲ್ಲೇ ನಿಂತಿದ್ದರೆ ನೀವೇ ಬಿಎಲ್‌ಒ ಹತ್ತಿರ ಹೋಗಿ. ಬಹಳ ಸಲ ಅರ್ಜಿ ಬೇರೆ ಭಾಗದ ಬಿಎಲ್‌ಒಗೆ ಹೋಗಿರುತ್ತದೆ. ರೆಫರೆನ್ಸ್ ನಂಬರ್ ಹಿಡಿದು ಚುನಾವಣಾ ಶಾಖೆಯಲ್ಲಿ ಹೇಳಿದರೆ ಸರಿಯಾದ ಭಾಗಕ್ಕೆ ಕಳಿಸುತ್ತಾರೆ.

## ಹಂತ 8: ತಿರಸ್ಕಾರವಾದರೆ

ಮೊದಲು ಕಾರಣ ಕೇಳಿ ಪಡೆಯಿರಿ. ದಾಖಲೆ ಮಸುಕಾಗಿದೆ, ಮನೆ ಸಿಗಲಿಲ್ಲ ಅನ್ನುವಂಥ ಕಾರಣವಾದರೆ ಅದನ್ನು ಸರಿಪಡಿಸಿ ಹೊಸ ಅರ್ಜಿ ಹಾಕುವುದೇ ಬೇಗದ ದಾರಿ. ಕಾರಣವೇ ತಪ್ಪು ಅನ್ನಿಸಿದರೆ ಮೇಲ್ಮನವಿ ಇದೆ. ಆದೇಶದ ದಿನದಿಂದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಸಲ್ಲಿಸಬೇಕು. ಅಲ್ಲೂ ಆಗದಿದ್ದರೆ 30 ದಿನದೊಳಗೆ ಬೆಂಗಳೂರಿನಲ್ಲಿರುವ ಮುಖ್ಯ ಚುನಾವಣಾಧಿಕಾರಿಗೆ. ರಸೀದಿಯ ಬೆಲೆ ಗೊತ್ತಾಗುವುದು ಆಗಲೇ.

## ಹಂತ 9: ಹೆಸರು ಬಂದ ಮೇಲೆ ಮತ್ತೆ ನೋಡಿ

ಕಾರ್ಡ್ ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೆ ಬರುತ್ತದೆ. ಬಂದ ದಿನವೇ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನಾಂಕ, ಫೋಟೋ ನೋಡಿ. ತಪ್ಪಿದ್ದರೆ ಫಾರ್ಮ್ 8. ಹತ್ತು ವರ್ಷ ತಪ್ಪು ಹೆಸರಿನ ಕಾರ್ಡ್ ಇಟ್ಟುಕೊಂಡು ಪಿಂಚಣಿ ಅರ್ಜಿ ಹಾಕುವಾಗ ಪರದಾಡಿದವರಿದ್ದಾರೆ.

ಕಾರ್ಡ್ ಕೈಯಲ್ಲಿದ್ದರೆ ಓಟು ಹಾಕಬಹುದು ಅನ್ನುವುದು ತಪ್ಪು ತಿಳುವಳಿಕೆ. ಪಟ್ಟಿಯಲ್ಲಿ ಹೆಸರಿದ್ದರೆ ಕಾರ್ಡ್ ಇಲ್ಲದೆಯೂ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಪಾಸ್‌ಬುಕ್ ತೋರಿಸಿ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡ್ ಇದ್ದರೂ ವಾಪಸ್ ಬರಬೇಕು.

ಆದ್ದರಿಂದ ವರ್ಷಕ್ಕೆ ಎರಡು ಸಲವಾದರೂ ಹಂತ 1ನ್ನು ಮತ್ತೆ ಮಾಡಿ: ಕರಡು ಪಟ್ಟಿ ಪ್ರಕಟವಾದಾಗ ಒಮ್ಮೆ, ಅಂತಿಮ ಪಟ್ಟಿ ಬಂದಾಗ ಇನ್ನೊಮ್ಮೆ. ಚುನಾವಣೆ ಘೋಷಣೆಯಾದರೆ ಅದೇ ದಿನ ನೋಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಯಾರ ಹೆಸರನ್ನೂ ಸೇರಿಸಲು ಬರುವುದಿಲ್ಲ. 7 ದಿನದ ಆಕ್ಷೇಪಣೆ ಅವಧಿ, ಮನೆ ಪರಿಶೀಲನೆ ಎಲ್ಲ ಲೆಕ್ಕ ಹಾಕಿದರೆ ಆ ಕೊನೆಯ ದಿನಕ್ಕಿಂತ ಕನಿಷ್ಠ 10 ದಿನ ಮೊದಲು ನಿಮ್ಮ ಅರ್ಜಿ ಕಚೇರಿಯಲ್ಲಿ ಇರಬೇಕು.